ಮೊಸರಿನ ಬಟ್ಟಲಿನಲ್ಲಿ ಸೈನಿಕರನ್ನು ಹುಡುಕಿದ ಮೆಚ್ನಿಕಾಫ್

ಹೋದ ತಿಂಗಳು ಪೀಣ್ಯದ ಒಂದು ಕಂಪನಿಗೆ ಇಂಟರ್‌ವ್ಯೂಗೆ ಹೋಗಿದ್ದೆ. ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಪಿ.ಜಿ.ಯಿಂದ ಹೊರಟು, ಹಳದಿ ಮೆಟ್ರೊ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಸಿರು ಮೆಟ್ರೊಗೆ ಬದಲಾಯಿಸಿ, ಪೀಣ್ಯ ಇಂಡಸ್ಟ್ರಿ ನಿಲ್ದಾಣದಲ್ಲಿ ಇಳಿಯುವಷ್ಟರಲ್ಲಿ ಎಂ.ಎಸ್ಸಿ. ಮೈಕ್ರೊಬಯಾಲಜಿಯ ನೋಟ್ಸ್ ಎರಡು ಸಲ ತಿರುವಿಹಾಕಿದ್ದೆ. ಪ್ರೋಬಯಾಟಿಕ್ ಎಂದರೇನು, ಫರ್ಮೆಂಟರ್‌ನಲ್ಲಿ ಪಿಎಚ್ ಹೇಗೆ ಕಾಯುತ್ತೀರಿ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಬಂತು. ಕೊನೆಗೆ, ಹೊಟ್ಟೆಗೆ ಒಳ್ಳೆಯ ಬ್ಯಾಕ್ಟೀರಿಯಾ ಸೇರಿಸಿ ಆರೋಗ್ಯ ಕಾಯಬಹುದು ಎಂದು ಮೊದಲು ವಿಜ್ಞಾನದ ಲೆಕ್ಕದಲ್ಲಿ ವಾದಿಸಿದವರು ಯಾರು ಎಂದು ಕೇಳಿದರು. ಪಾಶ್ಚರ್ ಎಂದೆ. ಎದುರಿಗಿದ್ದ ಹಿರಿಯರು ನಕ್ಕು, ಊರು ಸರಿ, ಮನೆ ತಪ್ಪು ಎಂದರು.

ಕೆಲಸ ಸಿಗಲಿಲ್ಲ. ಆದರೆ ಆ ಮನೆ ಯಾರದ್ದು ಎಂಬ ಕುತೂಹಲ ಬಿಡಲಿಲ್ಲ. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ನನ್ನ ರೂಮ್‌ಮೇಟ್ ರಾಜಸ್ಥಾನದ ಕಡೆಯವಳು, ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಅವಳಿಗೆ ಸಿಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಅಂಟಿನಂಥ ಪ್ರೋಟೀನು ಅವಳ ಕರುಳಿಗೆ ಆಗುವುದಿಲ್ಲ. ಚಪಾತಿಯ ಹಿಟ್ಟು ತಾಗಿದ ತಟ್ಟೆಯಲ್ಲಿ ಉಂಡರೂ ಎರಡು ದಿನ ಹಾಸಿಗೆ ಹಿಡಿಯುತ್ತಾಳೆ. ಒಂದು ರಾತ್ರಿ ಅವಳು ಮೊಸರನ್ನದ ಬಟ್ಟಲು ಹಿಡಿದು ನನ್ನನ್ನು ಕೇಳಿದಳು: ನೀನು ಓದಿರುವುದು ಬ್ಯಾಕ್ಟೀರಿಯಾದ ವಿಷಯ ತಾನೆ, ಈ ಮೊಸರಿನ ಬ್ಯಾಕ್ಟೀರಿಯಾಕ್ಕೇ ಏನಾದರೂ ಕಲಿಸಿ ನನ್ನ ಹೊಟ್ಟೆಯನ್ನು ಸುಮ್ಮನಿರಿಸಲು ಆಗುವುದಿಲ್ಲವೆ?

ಇಂಟರ್‌ವ್ಯೂನಲ್ಲಿ ತಪ್ಪಿದ ಪ್ರಶ್ನೆಗೂ ರೂಮ್‌ಮೇಟ್ ಕೇಳಿದ ಪ್ರಶ್ನೆಗೂ ಒಬ್ಬರೇ ಮನುಷ್ಯರ ಹತ್ತಿರ ದಾರಿ ಇದೆ ಎಂದು ಗೊತ್ತಾದದ್ದು ಓದುತ್ತ ಹೋದ ಮೇಲೆ. ಅವರು ಇಲ್ಯಾ ಮೆಚ್ನಿಕಾಫ್. ನಮ್ಮ ಪಠ್ಯದಲ್ಲಿ ಅವರ ಹೆಸರು ಬಿಳಿ ರಕ್ತಕಣಗಳ ಪಾಠದಲ್ಲಿ ಒಂದು ಸಾಲು ಬಂದು ಹೋಗುತ್ತದೆ. ಆ ಒಂದು ಸಾಲಿನ ಹಿಂದಿನ ಬದುಕು ಇದು.

1845ರ ಮೇ ತಿಂಗಳಲ್ಲಿ, ಇಂದಿನ ಯುಕ್ರೇನಿನ ಖಾರ್ಕಿವ್ ನಗರದ ಹತ್ತಿರದ ಒಂದು ಹಳ್ಳಿಯಲ್ಲಿ ಇಲ್ಯಾ ಹುಟ್ಟಿದ. ಆಗ ಅದು ರಷ್ಯಾ ಸಾಮ್ರಾಜ್ಯದ ಭಾಗ. ಐದು ಮಕ್ಕಳಲ್ಲಿ ಕೊನೆಯವನು. ತಂದೆ ಸೈನ್ಯದಲ್ಲಿ ಅಧಿಕಾರಿಯಾಗಿದ್ದವರು, ತಾಯಿ ಎಮಿಲಿಯಾ ಯಹೂದಿ ಮೂಲದ ಮನೆತನದವರು. ಒಂದು ಕಡೆ ಕೂರದ ಹುಡುಗ ಅವನು. ಅಣ್ಣನಿಗೆ ಪಾಠ ಹೇಳಲು ಬಂದ ವಿದ್ಯಾರ್ಥಿಯೊಬ್ಬನ ಜೊತೆ ಹೊಲ ತೋಟ ಸುತ್ತಿ ಗಿಡಗಳ ಪರಿಚಯ ಮಾಡಿಕೊಂಡ. ಎಂಟು ವರ್ಷಕ್ಕೆಲ್ಲ ತಾನೇ ಮೇಷ್ಟರಾಗಿ ಅಣ್ಣಂದಿರಿಗೂ ಅಕ್ಕಪಕ್ಕದ ಮಕ್ಕಳಿಗೂ ಸಸ್ಯಗಳ ಬಗ್ಗೆ ಭಾಷಣ ಮಾಡುತ್ತಿದ್ದ. ಅವರು ಎದ್ದು ಓಡದಿರಲಿ ಎಂದು ತನ್ನ ಕೈಖರ್ಚಿನ ಕಾಸನ್ನು ಕೇಳುಗರಿಗೆ ಕೊಡುತ್ತಿದ್ದನಂತೆ. ದುಡ್ಡು ಕೊಟ್ಟು ಪಾಠ ಕೇಳಿಸಿದ ಮೇಷ್ಟರು ಇವನೊಬ್ಬನೇ ಇರಬೇಕು.

ವೈದ್ಯನಾಗಬೇಕೆಂಬ ಆಸೆ ಇತ್ತು. ತಾಯಿ ತಡೆದರು. ಈ ಹುಡುಗನ ಮನಸ್ಸು ಬಹಳ ಮೆತು, ರೋಗಿಗಳ ನರಳಾಟ ನೋಡಿ ತಡೆದುಕೊಳ್ಳಲಾರ ಎಂದು ಅವರಿಗೆ ಅನಿಸಿತ್ತು. ಹಾಗಾಗಿ ಪ್ರಾಣಿಶಾಸ್ತ್ರ ಹಿಡಿದ. ಖಾರ್ಕಿವ್ ವಿಶ್ವವಿದ್ಯಾಲಯದ ನಾಲ್ಕು ವರ್ಷದ ಕೋರ್ಸನ್ನು ಎರಡೇ ವರ್ಷದಲ್ಲಿ ಮುಗಿಸಿದಾಗ ಅವನಿಗೆ 19. ಆಮೇಲೆ ಜರ್ಮನಿ, ಇಟಲಿ ಎಂದು ಸುತ್ತಿ ಸಮುದ್ರದ ಸಣ್ಣ ಜೀವಿಗಳ ಬೆಳವಣಿಗೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದೇ ನೋಡಿದ್ದು. ಕಣ್ಣು ಕೆಟ್ಟಿತು. ಕೈಯಲ್ಲಿ ಕಾಸಿರಲಿಲ್ಲ. ಆದರೂ ನೇಪಲ್ಸ್‌ನಲ್ಲಿ ಗೆಳೆಯ ಕೊವಲೆವ್‌ಸ್ಕಿ ಜೊತೆ ಮಾಡಿದ ಕೆಲಸಕ್ಕೆ 1867ರಲ್ಲಿ ಇಬ್ಬರಿಗೂ ಸೇರಿ ರಷ್ಯಾದ ದೊಡ್ಡ ಬಹುಮಾನ ಬಂತು. ಮೂವತ್ತು ದಾಟುವ ಮೊದಲೇ ಒಡೆಸ್ಸಾದಲ್ಲಿ ಪ್ರೊಫೆಸರ್.

ಇಷ್ಟು ಕೇಳಿದರೆ ಎಲ್ಲ ಸಲೀಸಾಗಿ ನಡೆದ ಬದುಕು ಅನಿಸುತ್ತದೆ. ಹಾಗಿರಲಿಲ್ಲ. 1869ರಲ್ಲಿ ಅವರು ಮದುವೆಯಾದ ಲ್ಯುದ್ಮಿಲಾ ಕ್ಷಯರೋಗಿ. ಮದುವೆಯ ದಿನ ಚರ್ಚಿನೊಳಗೆ ನಡೆಯಲೂ ತ್ರಾಣವಿಲ್ಲದೆ ಅವರನ್ನು ಕುರ್ಚಿಯಲ್ಲಿ ಹೊತ್ತು ತಂದಿದ್ದರು. ನಾಲ್ಕು ವರ್ಷ ಬೆಚ್ಚಗಿನ ಊರುಗಳಿಗೆ ಕರೆದೊಯ್ದು, ಅದಕ್ಕಾಗಿ ಅನುವಾದ, ಪಾಠ, ಸಿಕ್ಕ ಕೆಲಸವೆಲ್ಲ ಮಾಡಿದರೂ 1873ರಲ್ಲಿ ಮದೀರಾ ದ್ವೀಪದಲ್ಲಿ ಆಕೆ ತೀರಿಕೊಂಡರು. ಮೆಚ್ನಿಕಾಫ್ ಕುಸಿದರು. ಬದುಕು ಬೇಡವೆನಿಸಿ ಪ್ರಾಣ ಬಿಡಲು ಹೋದರು, ಬದುಕುಳಿದರು. ಎರಡು ವರ್ಷದ ಮೇಲೆ ಓಲ್ಗಾ ಅವರನ್ನು ಮದುವೆಯಾದರು. ಆಕೆಗೆ ಟೈಫಾಯ್ಡ್ ಬಂದು ಜೀವ ಹೋಗಿಬಂದ ಮೇಲೆ, ವಿಶ್ವವಿದ್ಯಾಲಯದ ರಾಜಕೀಯವೂ ಸೇರಿ, 1881ರಲ್ಲಿ ಇನ್ನೊಮ್ಮೆ ಅದೇ ಕತ್ತಲೆಗೆ ಜಾರಿದರು. ಆಗಲೂ ಉಳಿದರು. ಆ ಕಾಲದಲ್ಲಿ ಮನಸ್ಸಿನ ನೋವಿಗೆ ಹೋಗಿ ಹೇಳಿಕೊಳ್ಳುವ ಡಾಕ್ಟರು ಇರಲಿಲ್ಲ. ಇಂದು ಇದ್ದಾರೆ, ಕೆಲಸ ಹುಡುಕಿ ಸೋತ ನನ್ನ ವಯಸ್ಸಿನವರಿಗೆ ಇದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು.

ಎರಡನೇ ಸಲ ಚೇತರಿಸಿಕೊಂಡ ಮೇಲೆ ಅವರು ಬೇರೆಯೇ ಮನುಷ್ಯರಾದರು. ಒಡೆಸ್ಸಾದ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಓಲ್ಗಾ ಮತ್ತು ಆಕೆಯ ತಮ್ಮತಂಗಿಯರ ಜೊತೆ ಇಟಲಿಯ ಮೆಸ್ಸಿನಾಕ್ಕೆ ಹೋದರು. ಸಮುದ್ರದ ದಡದ ಬಾಡಿಗೆ ಮನೆ. ನಡುಮನೆಯೇ ಪ್ರಯೋಗಾಲಯ. 1882ರ ಕೊನೆಯ ಒಂದು ದಿನ ಮನೆಯವರೆಲ್ಲ ಸರ್ಕಸ್ಸಿನಲ್ಲಿ ಆಡುವ ಕೋತಿಗಳನ್ನು ನೋಡಲು ಹೋದರು. ಇವರು ಒಬ್ಬರೇ ಕೂತು ನಕ್ಷತ್ರಮೀನಿನ ಮರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಆ ಮರಿಯ ಮೈ ಗಾಜಿನ ಹಾಗೆ, ಒಳಗಿನದೆಲ್ಲ ಕಾಣುತ್ತದೆ. ಅದರೊಳಗೆ ಕೆಲವು ಕೋಶಗಳು ಸುಮ್ಮನೆ ಅಲೆದಾಡುತ್ತಿದ್ದವು. ಅವುಗಳ ಕೆಲಸ ಏನು? ಹೊರಗಿನಿಂದ ಬಂದ ವೈರಿಯನ್ನು ಹಿಡಿಯುವುದೇ ಇರಬಹುದೆ? ಹಾಗಿದ್ದರೆ ಮೈಗೆ ಮುಳ್ಳು ಚುಚ್ಚಿದಾಗ ಇವು ಮುಳ್ಳಿನ ಸುತ್ತ ಮುತ್ತಬೇಕಲ್ಲ.

ಮನೆಯ ಚಿಕ್ಕ ತೋಟಕ್ಕೆ ಹೋಗಿ ಗುಲಾಬಿ ಗಿಡದ ಮುಳ್ಳು ಕಿತ್ತು ತಂದರು. ನೀರಿನಂಥ ಆ ಮರಿಯ ಚರ್ಮದಡಿ ಚುಚ್ಚಿದರು. ರಾತ್ರಿ ನಿದ್ದೆ ಬರಲಿಲ್ಲ. ಬೆಳಗಿನ ಜಾವ ನೋಡಿದರೆ ಅಲೆಮಾರಿ ಕೋಶಗಳೆಲ್ಲ ಮುಳ್ಳಿನ ಸುತ್ತ ಗುಂಪುಗೂಡಿ ಅದನ್ನು ನುಂಗಲು ಹವಣಿಸುತ್ತಿದ್ದವು. ಕಾಲಿಗೆ ಮುಳ್ಳು ಮುರಿದಾಗ ನಮಗೆ ಕೀವು ಕಟ್ಟುವುದೂ ಇದೇ. ಅಲ್ಲಿಯವರೆಗೆ ವೈದ್ಯರು ಕೀವಿನ ಕಣಗಳು ರೋಗಾಣುವನ್ನು ಮೈತುಂಬ ಹೊತ್ತು ಹರಡುತ್ತವೆ ಎಂದು ನಂಬಿದ್ದರು. ಇವರು ಹೇಳಿದ್ದು ತದ್ವಿರುದ್ಧ: ಅವು ಕಳ್ಳರಲ್ಲ, ಕಾವಲುಗಾರರು. ವಿಯೆನ್ನಾದ ವಿದ್ವಾಂಸರ ನೆರವಿನಿಂದ ಗ್ರೀಕ್ ಹೆಸರು ಸಿಕ್ಕಿತು, ಫ್ಯಾಗೊಸೈಟ್. ಕನ್ನಡದಲ್ಲಿ ಭಕ್ಷಕ ಕೋಶ. ಮುಂದೆ ನೀರುಚಿಗಟ ಎಂಬ ಸಣ್ಣ ಜೀವಿಯ ಮೈಗೆ ಶಿಲೀಂಧ್ರ ಹೊಕ್ಕಾಗ ಈ ಕೋಶಗಳು ಗೆದ್ದರೆ ಜೀವಿ ಉಳಿಯುತ್ತದೆ, ಸೋತರೆ ಸಾಯುತ್ತದೆ ಎಂಬುದನ್ನೂ ಕಣ್ಣಾರೆ ನೋಡಿ ಬರೆದರು.

ಒಡೆಸ್ಸಾದಲ್ಲಿ 1886ರಲ್ಲಿ ಲಸಿಕೆಯ ಸಂಸ್ಥೆ ತೆರೆದಾಗ ಇವರನ್ನೇ ಮುಖ್ಯಸ್ಥರನ್ನಾಗಿ ಮಾಡಿದರು. ಆದರೆ ಇವರು ಡಾಕ್ಟರಲ್ಲ, ಪ್ರಾಣಿಶಾಸ್ತ್ರಜ್ಞ. ಊರಿನ ವೈದ್ಯರಿಗೆ ಸಹಿಸಲಾಗಲಿಲ್ಲ. ಆ ಹೊತ್ತಿಗೇ ಒಂದು ದುರಂತ ನಡೆಯಿತು. ಇವರು ಊರಲ್ಲಿಲ್ಲದಾಗ ಕುರಿಗಳಿಗೆ ಹಾಕಿದ ಆಂಥ್ರಾಕ್ಸ್ ಲಸಿಕೆ, ಅಂದರೆ ನಮ್ಮ ರೈತರು ನೆರಡಿ ಎನ್ನುವ ರೋಗದ ಲಸಿಕೆ, ಕೈಕೊಟ್ಟು ಸಾವಿರಾರು ಕುರಿ ಸತ್ತವು. 1888ರಲ್ಲಿ ಊರು ಬಿಟ್ಟರು. ಬರ್ಲಿನ್‌ನಲ್ಲಿ ರಾಬರ್ಟ್ ಕಾಕ್ ತಣ್ಣಗೆ ಮಾತಾಡಿ ಕಳಿಸಿದರು. ಪ್ಯಾರಿಸ್‌ನಲ್ಲಿ ಮುದುಕ ಲೂಯಿ ಪಾಶ್ಚರ್ ಕರೆದು ಒಂದು ಪ್ರಯೋಗಾಲಯವನ್ನೇ ಕೊಟ್ಟರು. ಉಳಿದ 28 ವರ್ಷ ಅಲ್ಲೇ. ಊರು ಸರಿ, ಮನೆ ತಪ್ಪು ಎಂಬ ಮಾತಿನ ಅರ್ಥ ನನಗೆ ಆಗ ಆಯಿತು.

ಆ ಪ್ರಯೋಗಾಲಯದಿಂದ ನಮ್ಮ ಕರ್ನಾಟಕಕ್ಕೂ ಒಂದು ಎಳೆ ಬಂದಿದೆ. ಒಡೆಸ್ಸಾದಲ್ಲಿ ಇವರ ಶಿಷ್ಯನಾಗಿದ್ದ ವಾಲ್ಡೆಮಾರ್ ಹಾಫ್‌ಕಿನ್ ಜಾರ್ ಸರ್ಕಾರದ ಪೊಲೀಸರ ಕಣ್ಣಿಗೆ ಬಿದ್ದಿದ್ದ ಹುಡುಗ. ಮೆಚ್ನಿಕಾಫ್ ಅವನಿಗೆ ಪಾಶ್ಚರ್ ಸಂಸ್ಥೆಯಲ್ಲಿ ಸಹಾಯಕ ಗ್ರಂಥಪಾಲಕನ ಕೆಲಸ ಸಿಗುವಂತೆ ಮಾಡಿದರು. ಓದಿದ್ದಕ್ಕೆ ತಕ್ಕ ಕೆಲಸವಲ್ಲ, ಆದರೆ ಬಾಗಿಲೊಳಗೆ ಕಾಲಿಡಲು ಸಾಕಾಯಿತು. ಅದೇ ಹಾಫ್‌ಕಿನ್ ಕಾಲರಾ ಲಸಿಕೆ ಕಂಡುಹಿಡಿದು ಭಾರತಕ್ಕೆ ಬಂದರು. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂದಾಗ ಅಲ್ಲೇ ಲಸಿಕೆ ತಯಾರಿಸಿ ಮೊದಲು ತಮಗೇ ಚುಚ್ಚಿಕೊಂಡರು. 1898ರಲ್ಲಿ ಪ್ಲೇಗ್ ಹುಬ್ಬಳ್ಳಿ, ಧಾರವಾಡಗಳನ್ನು ಹಿಡಿದಾಗ ಸಾವಿರಾರು ಜನ ಅದೇ ಲಸಿಕೆ ಹಾಕಿಸಿಕೊಂಡರು. ಬೆಂಗಳೂರಿಗೆ ಪ್ಲೇಗ್ ಬಂದದ್ದೂ ಅದೇ ವರ್ಷ. ಪ್ಲೇಗಿನಮ್ಮನ ಗುಡಿಗಳನ್ನು ಈ ಊರಿನ ಹಳೆಯ ಬಡಾವಣೆಗಳಲ್ಲಿ ಇಂದಿಗೂ ನೋಡಬಹುದು.

ಪ್ಯಾರಿಸ್‌ನಲ್ಲಿ ಮೆಚ್ನಿಕಾಫ್ ದೊಡ್ಡ ಜಗಳವನ್ನೇ ಕಟ್ಟಿಕೊಂಡರು. ಜರ್ಮನಿಯವರ ಪ್ರಕಾರ ರೋಗದಿಂದ ಕಾಯುವುದು ರಕ್ತದ ರಸದಲ್ಲಿರುವ ಪ್ರತಿಕಾಯಗಳು. ಇವರ ಪ್ರಕಾರ ಕೋಶಗಳು. 1890ರಲ್ಲಿ ಗಂಟಲಮಾರಿಗೆ ರಕ್ತರಸದ ಚಿಕಿತ್ಸೆ ಸಿಕ್ಕಿದಾಗ ಇವರ ಪಕ್ಷ ಸೋತೇಹೋಯಿತು ಎಂದು ಎಲ್ಲರೂ ಅಂದುಕೊಂಡರು. ಇವರು ಬಿಡಲಿಲ್ಲ. ಸಭೆಗಳಲ್ಲಿ ತಲೆಗೂದಲು ಕೆದರಿಕೊಂಡು, ಬೆವರುತ್ತ, ಗಂಟೆಗಟ್ಟಲೆ ವಾದಿಸುತ್ತಿದ್ದರಂತೆ. ಕೊನೆಗೆ 1908ರಲ್ಲಿ ನೊಬೆಲ್ ಸಮಿತಿ ಇವರಿಗೂ ರಕ್ತರಸದ ಪಕ್ಷದ ಪಾಲ್ ಎರ್ಲಿಚ್‌ಗೂ ಬಹುಮಾನ ಹಂಚಿತು. ಇಬ್ಬರೂ ಸರಿ ಎಂಬುದು ಈಗ ಪಿಯುಸಿ ಮಕ್ಕಳಿಗೂ ಗೊತ್ತು.

ಇನ್ನು ಮೊಸರಿನ ಕಥೆ. ವಯಸ್ಸು ಐವತ್ತು ದಾಟಿದ ಮೇಲೆ ಅವರನ್ನು ಕಾಡಿದ್ದು ಮುಪ್ಪು. ಮುದುಕರ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ, ಕಾವಲಿಗಿರುವ ಭಕ್ಷಕ ಕೋಶಗಳೇ ಮೈಯ ಸ್ವಂತ ಕೋಶಗಳನ್ನು ತಿನ್ನುತ್ತಿವೆ ಎಂದು ಅವರಿಗೆ ಅನಿಸಿತು. ಕಾವಲುಗಾರ ಯಾಕೆ ಮನೆಯವರ ಮೇಲೇ ತಿರುಗಿಬೀಳುತ್ತಾನೆ? ದೊಡ್ಡ ಕರುಳಿನಲ್ಲಿ ಕೊಳೆಯಿಸುವ ಬ್ಯಾಕ್ಟೀರಿಯಾಗಳಿವೆ, ಅವು ಬಿಡುವ ವಿಷ ರಕ್ತಕ್ಕೆ ಸೇರಿ ಕಾವಲುಗಾರರನ್ನು ಕೆರಳಿಸುತ್ತದೆ ಎಂಬುದು ಅವರ ಊಹೆ. ಹಾಲು ಹುಳಿಯಾದರೆ ಕೊಳೆಯುವುದಿಲ್ಲ ಎಂಬುದು ಎಲ್ಲ ಅಜ್ಜಿಯಂದಿರಿಗೂ ಗೊತ್ತಿತ್ತು. ಹಾಗಾದರೆ ಹೊಟ್ಟೆಯೊಳಗೂ ಹುಳಿ ಮಾಡುವ ಬ್ಯಾಕ್ಟೀರಿಯಾ ಕಳಿಸಿದರೆ ಕೊಳೆಯಿಸುವವರ ಆಟ ನಿಲ್ಲಬೇಕು. ಬಲ್ಗೇರಿಯಾದ ಹಳ್ಳಿಗರು ಮೊಸರು ತಿಂದು ನೂರು ವರ್ಷ ಬದುಕುತ್ತಾರೆ ಎಂಬ ವರದಿಗಳು ಬಂದವು. 1905ರಲ್ಲಿ ಆ ಮೊಸರಿನ ಬ್ಯಾಕ್ಟೀರಿಯಾವನ್ನು ಬಲ್ಗೇರಿಯಾದ ವಿದ್ಯಾರ್ಥಿ ಸ್ಟಾಮೆನ್ ಗ್ರಿಗೊರೊವ್ ಜಿನೀವಾದಲ್ಲಿ ಬೇರ್ಪಡಿಸಿದ್ದೂ ಆಯಿತು.

1904ರಲ್ಲಿ ಪ್ಯಾರಿಸ್‌ನಲ್ಲಿ ಮುಪ್ಪಿನ ಬಗ್ಗೆ ಅವರು ಒಂದು ಭಾಷಣ ಮಾಡಿದರು. ಪತ್ರಿಕೆಗಳು ಅದನ್ನು ಹೇಗೆ ಬರೆದವೆಂದರೆ, ಮಾರನೆಯ ದಿನದಿಂದಲೇ ಜನ ಮೊಸರಿಗೆ ಮುಗಿಬಿದ್ದರು. ಅಂಗಡಿಯವರು ಅವರ ಹೆಸರು ಹಾಕಿ ಪುಡಿ, ಮಾತ್ರೆ ಮಾರಿದರು. ಅವರು ಇದರಲ್ಲಿ ದುಡ್ಡು ಮಾಡುತ್ತಿದ್ದಾರೆ ಎಂಬ ಆಪಾದನೆಯೂ ಬಂತು. ತಾವೂ ದಿನಾ ಹುಳಿ ಹಾಲು ಕುಡಿಯುತ್ತಿದ್ದರು, ಹಸಿ ತರಕಾರಿ ಮುಟ್ಟುತ್ತಿರಲಿಲ್ಲ. ಹೆಪ್ಪು ಹಾಕಿ ಮೊಸರು ಮಾಡುವುದನ್ನು ಸಾವಿರಾರು ವರ್ಷಗಳಿಂದ ಬಲ್ಲ ನಮಗೆ ಈ ಗಲಾಟೆ ನೋಡಿದರೆ ನಗು ಬರುತ್ತದೆ. ಆದರೆ ನಮ್ಮಲ್ಲಿ ಮೊಸರು ಊಟದ ಕೊನೆಗೆ ಬರುತ್ತಿತ್ತು, ಪ್ರಶ್ನೆಯಾಗಿ ಬಂದಿರಲಿಲ್ಲ. ಇದು ಹೊಟ್ಟೆಯೊಳಗೆ ಹೋಗಿ ಏನು ಮಾಡುತ್ತದೆ ಎಂದು ಕೇಳಿದ್ದು ಮೆಚ್ನಿಕಾಫ್ ಅವರ ಹೆಚ್ಚುಗಾರಿಕೆ.

ಅವರ ಉತ್ತರ ಮಾತ್ರ ಅರ್ಧ ತಪ್ಪು. ದೊಡ್ಡ ಕರುಳು ಮನುಷ್ಯನಿಗೆ ಬೇಡದ ಅಂಗ ಎಂದು ಅವರು ಬರೆದದ್ದನ್ನು ನಂಬಿ, ಲಂಡನ್ನಿನ ಹೆಸರಾಂತ ಶಸ್ತ್ರಚಿಕಿತ್ಸಕರೊಬ್ಬರು ಮಲಬದ್ಧತೆಗೆಲ್ಲ ಕರುಳನ್ನೇ ಕತ್ತರಿಸಿ ತೆಗೆಯುವವರೆಗೆ ಹೋದರು. ಮೊಸರಿನ ಆ ಬ್ಯಾಕ್ಟೀರಿಯಾ ಕರುಳಿನಲ್ಲಿ ನೆಲೆ ನಿಲ್ಲುವುದೇ ಇಲ್ಲ, ಬಂದ ಹಾಗೆ ಹೊರಟುಹೋಗುತ್ತದೆ ಎಂದು ಮುಂದೆ ಅಮೆರಿಕದ ಸಂಶೋಧಕರು ತೋರಿಸಿದರು. ಒಂದು ವಿಷಯದಲ್ಲಿ ಅವರ ಪ್ರಾಮಾಣಿಕತೆ ಮೆಚ್ಚಬೇಕು. 1916ರಲ್ಲಿ ಮಹಾಯುದ್ಧದ ನಡುವೆ ಹೃದಯ ಕೈಕೊಟ್ಟು ಸಾವು ಹತ್ತಿರ ಬಂದಾಗ, ಸಹೋದ್ಯೋಗಿ ಸಲಿಂಬೆನಿ ಅವರನ್ನು ಕರೆದು, ತಾವು ಸತ್ತ ಮೇಲೆ ದೇಹ ಕೊಯ್ದು ಕರುಳನ್ನು ಚೆನ್ನಾಗಿ ಪರೀಕ್ಷಿಸಬೇಕೆಂದು ಕೇಳಿಕೊಂಡರು. ಜುಲೈ 15ರಂದು ತೀರಿಕೊಂಡರು. ನೂರು ದಾಟಬೇಕೆಂದಿದ್ದವರಿಗೆ ಆಗ 71. ಅವರ ಚಿತಾಭಸ್ಮದ ಕಲಶವನ್ನು ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಇಟ್ಟಿದ್ದಾರೆ.

ಸತ್ತ ಮರುವರ್ಷವೇ ಜರ್ಮನಿಯ ಆಲ್ಫ್ರೆಡ್ ನಿಸ್ಲೆ, ಜೊತೆಯವರೆಲ್ಲ ಭೇದಿಯಿಂದ ನರಳುತ್ತಿದ್ದಾಗ ಆರಾಮವಾಗಿದ್ದ ಒಬ್ಬ ಸೈನಿಕನ ಕರುಳಿನಿಂದ ಒಂದು ಒಳ್ಳೆಯ ಇ. ಕೋಲಿ ತಳಿ ಬೇರ್ಪಡಿಸಿದರು. 1919ರಲ್ಲಿ ಬಾರ್ಸಿಲೋನಾದಲ್ಲಿ ಐಸಾಕ್ ಕರಾಸೊ ಎಂಬ ವ್ಯಾಪಾರಿ ಮೆಚ್ನಿಕಾಫ್ ವಿಚಾರ ಹಿಡಿದು ಮೊಸರಿನ ಕಾರ್ಖಾನೆ ತೆರೆದ, ಅದೇ ಡ್ಯಾನೋನ್. ಜಪಾನಿನಲ್ಲಿ ಮಿನೊರು ಶಿರೋತ ಕರುಳಿನವರೆಗೆ ಜೀವಂತ ತಲುಪುವ ತಳಿ ಬೆಳೆಸಿದರು, ಅದೇ ಯಾಕುಲ್ಟ್. ನಮ್ಮ ಪೀಣ್ಯದಲ್ಲಿ ಸಾಮಿ-ಸಬಿನ್ಸಾ ಸಂಸ್ಥೆಯ ಬ್ಯಾಸಿಲಸ್ ಕೊಆಗ್ಯುಲನ್ಸ್ ಎಂಬ ಪ್ರೋಬಯಾಟಿಕ್ ಇದೇ ವಂಶದ್ದು. ಅದು ಬೀಜಾಣುವಿನ ಚಿಪ್ಪಿನೊಳಗೆ ಮಲಗಿ ಹೊಟ್ಟೆಯ ಆಮ್ಲವನ್ನು ದಾಟುತ್ತದೆ. ವೈಟ್‌ಫೀಲ್ಡ್‌ನಲ್ಲಿ ಕಿಣ್ವಗಳ ಕೆಲಸ ಮಾಡುವ ನೊವೊಜೈಮ್ಸ್ 2024ರಲ್ಲಿ ಪ್ರೋಬಯಾಟಿಕ್ ತಯಾರಿಸುವ ಡೆನ್ಮಾರ್ಕಿನ ಕ್ರಿಶ್ಚಿಯನ್ ಹ್ಯಾನ್ಸನ್ ಜೊತೆ ಸೇರಿ ನೊವೊನೆಸಿಸ್ ಆಯಿತು. ಮೈಕ್ರೊಬಯಾಲಜಿ, ಬಯೋಟೆಕ್ ಓದಿ ರೆಸ್ಯೂಮೆ ಹಿಡಿದು ಈ ಗೇಟುಗಳ ಮುಂದೆ ನಿಲ್ಲುವ ನಾವೆಲ್ಲ ಒಂದು ಲೆಕ್ಕದಲ್ಲಿ ಆ ಮೆಸ್ಸಿನಾದ ಬಾಡಿಗೆ ಮನೆಯಿಂದ ಹೊರಟ ದಾರಿಯಲ್ಲೇ ನಿಂತಿದ್ದೇವೆ.

ಈಗ ನನ್ನ ರೂಮ್‌ಮೇಟ್ ಪ್ರಶ್ನೆಗೆ ಬರುತ್ತೇನೆ. ಸಿಲಿಯಾಕ್ ಎಂದರೆ ಅಜೀರ್ಣವಲ್ಲ, ಸಾಧಾರಣ ಅಲರ್ಜಿಯೂ ಅಲ್ಲ. ಗ್ಲುಟೆನ್ ನಮ್ಮ ಯಾರ ಹೊಟ್ಟೆಯಲ್ಲೂ ಪೂರ್ತಿ ಕರಗುವುದಿಲ್ಲ, ಕೆಲವು ತುಣುಕುಗಳು ಹಾಗೇ ಉಳಿಯುತ್ತವೆ. ಹೆಚ್ಚಿನವರಿಗೆ ಅದರಿಂದ ತೊಂದರೆ ಇಲ್ಲ. ಕೆಲವು ವಂಶವಾಹಿ ಹೊತ್ತವರಲ್ಲಿ ಕೆಲವರಿಗೆ ಮಾತ್ರ ಆ ತುಣುಕು ವೈರಿಯಂತೆ ಕಾಣುತ್ತದೆ. ಕಾವಲುಗಾರ ಕೋಶಗಳು ಎದ್ದು, ಗೋಧಿಯ ಮೇಲಿನ ಸಿಟ್ಟನ್ನು ಸ್ವಂತ ಕರುಳಿನ ಮೇಲೆ ತೀರಿಸಿಕೊಳ್ಳುತ್ತವೆ. ಕರುಳಿನ ಒಳಗೋಡೆಯಲ್ಲಿ ಆಹಾರ ಹೀರುವ ಬೆರಳಿನಂಥ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ತಿಂದದ್ದು ಮೈಗೆ ಹತ್ತುವುದಿಲ್ಲ. ರಕ್ತಹೀನತೆ, ಮೂಳೆ ಸವೆತ, ಸುಸ್ತು. ಮುನ್ನುಗ್ಗುವುದು ಮೆಚ್ನಿಕಾಫ್ ಕಂಡ ಭಕ್ಷಕ ಕೋಶಗಳಿಗಿಂತ ಹೆಚ್ಚಾಗಿ ಅವುಗಳ ನೆಂಟರಾದ ಟಿ ಕೋಶಗಳು. ಆದರೆ ಕಾವಲುಗಾರನೇ ಮನೆಯವರ ಮೇಲೆ ತಿರುಗಿಬಿದ್ದರೆ ಎಂಬ ಅವರ ಪ್ರಶ್ನೆ, ಅವರು ಹುಡುಕಿದ ಮುಪ್ಪಿನಲ್ಲಿ ಅಲ್ಲದಿದ್ದರೂ, ಇಲ್ಲಿ ಅಕ್ಷರಶಃ ನಿಜವಾಗಿದೆ. ಅವರ ಎರಡು ಹುಡುಕಾಟಗಳು, ಕಾವಲು ಕೋಶ ಮತ್ತು ಕರುಳಿನ ಬ್ಯಾಕ್ಟೀರಿಯಾ, ಸಂಧಿಸುವ ಜಾಗವೇ ಈ ಕಾಯಿಲೆ.

ಗೋಧಿಯೇ ಕಾರಣ ಎಂದು ಪತ್ತೆಯಾದದ್ದು ಮೆಚ್ನಿಕಾಫ್ ಸತ್ತ ಎಷ್ಟೋ ವರ್ಷಗಳ ಮೇಲೆ. ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ 1930ರ ದಶಕದಿಂದ ಮಕ್ಕಳಿಗೆ ಗೋಧಿ ಬಿಡಿಸಿ ನೋಡಿ, 1950ರಲ್ಲಿ ಅದನ್ನು ಪ್ರಬಂಧವಾಗಿ ಬರೆದರು. ಅಂದಿನಿಂದ ಇಂದಿನವರೆಗೆ ಚಿಕಿತ್ಸೆ ಅದೊಂದೇ: ಜೀವನಪೂರ್ತಿ ಗೋಧಿ, ಬಾರ್ಲಿ ಬಿಡುವುದು. ರೋಟಿಯೇ ಊಟವಾದ ಉತ್ತರ ಭಾರತದಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಈ ಕಾಯಿಲೆ ಇದೆ ಎಂದು ಸಮೀಕ್ಷೆಗಳು ಹೇಳುತ್ತವೆ, ದಕ್ಷಿಣದಲ್ಲಿ ಬಹಳ ಕಡಿಮೆ. ಹಾಗಾಗಿ ನಮ್ಮ ಕಡೆಯ ಮೆಸ್ಸಿನವರಿಗೆ ಇದರ ಹೆಸರೇ ಹೊಸದು. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳ ಪಿ.ಜಿ.ಗಳಲ್ಲಿ ಈಗ ಉತ್ತರದ ಮಕ್ಕಳೇ ಹೆಚ್ಚು. ಸಾಂಬಾರಿಗೆ ಹಾಕುವ ಇಂಗಿನ ಪುಡಿಯಲ್ಲೂ ಗೋಧಿಹಿಟ್ಟು ಬೆರೆಸಿರುತ್ತಾರೆ ಎಂದು ನನಗೆ ಗೊತ್ತಾದದ್ದು ಇವಳಿಂದ. ಗ್ಲುಟೆನ್ ಇಲ್ಲ ಎಂದು ಪೊಟ್ಟಣದ ಮೇಲೆ ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಮೀರಬಾರದು ಎಂಬ ನಿಯಮವಿದೆ. ಮೆಸ್ಸಿನ ಸೌಟಿಗೆ ಯಾವ ನಿಯಮವೂ ಇಲ್ಲ.

ಬ್ಯಾಕ್ಟೀರಿಯಾಕ್ಕೆ ಕಲಿಸಲು ಆಗುತ್ತದೆಯೆ? ಆಗುತ್ತದೆ, ಇಲಿಗಳ ಮಟ್ಟಿಗೆ. ಮಜ್ಜಿಗೆ, ಚೀಸ್‌ಗಳಲ್ಲಿ ಹಾಲನ್ನು ಹುಳಿ ಮಾಡುವ ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್ ಎಂಬ ಬ್ಯಾಕ್ಟೀರಿಯಾ ಇದೆ. ಬೆಲ್ಜಿಯಂನ ವಿಜ್ಞಾನಿಗಳು ಅದಕ್ಕೆ ಉರಿಯೂತ ತಣಿಸುವ ಪ್ರೋಟೀನಿನ ಜೀನ್ ಸೇರಿಸಿ, ಇಲಿಗಳ ಕರುಳಿನ ಹುಣ್ಣು ಇಳಿಯುವುದನ್ನು 2000ದಲ್ಲಿ ತೋರಿಸಿದರು. ಇಂಥದ್ದು ಹೊರಗೆ ತಪ್ಪಿಸಿಕೊಂಡು ಹರಡಿದರೆ? ಅದಕ್ಕೂ ಉಪಾಯ ಮಾಡಿದರು. ಡಿಎನ್‌ಎ ಕಟ್ಟಲು ಬೇಕಾದ ಥೈಮಿಡಿನ್ ತಯಾರಿಸುವ ಜೀನನ್ನೇ ಕಿತ್ತು ಆ ಜಾಗದಲ್ಲಿ ಔಷಧದ ಜೀನ್ ಕೂರಿಸಿದರು. ಹೊರಗಿನಿಂದ ಥೈಮಿಡಿನ್ ಸಿಗದಿದ್ದರೆ ಅದು ಸಾಯುತ್ತದೆ. 2006ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕ್ರೋನ್ಸ್ ಎಂಬ ಕರುಳಿನ ಕಾಯಿಲೆಯ 10 ರೋಗಿಗಳಿಗೆ ಕೊಟ್ಟು ನೋಡಿದ್ದೂ ಆಯಿತು.

ಸಿಲಿಯಾಕ್ ವಿಷಯದಲ್ಲಿ ಇನ್ನೂ ಸೂಕ್ಷ್ಮವಾದ ಯೋಚನೆ ಮಾಡಿದರು. ಅದೇ ಲ್ಯಾಕ್ಟೊಕಾಕಸ್‌ಗೆ ಗ್ಲುಟೆನ್‌ನ ಒಂದು ಸಣ್ಣ ತುಣುಕನ್ನು ತಾನೇ ತಯಾರಿಸಿ ಕರುಳಿನಲ್ಲಿ ಸ್ವಲ್ಪಸ್ವಲ್ಪವೇ ಬಿಡುವಂತೆ ಕಲಿಸಿದರು. ವೈರಿಯ ಮುಖವನ್ನು ದಿನಾ ಸ್ನೇಹಿತನ ಕೈಯಿಂದ ತೋರಿಸಿದರೆ ಕಾವಲುಗಾರ ಪಳಗಬಹುದು ಎಂಬ ಲೆಕ್ಕ. ಗ್ಲುಟೆನ್‌ಗೆ ಕೆರಳುವಂತೆ ಬೆಳೆಸಿದ ಇಲಿಗಳಲ್ಲಿ ಆ ಕೆರಳಿಕೆ ತಗ್ಗಿತು ಎಂದು 2009ರಲ್ಲಿ ಪ್ರಕಟವಾಯಿತು. ಇನ್ನೊಂದು ಗುಂಪು ಕರುಳಿನ ಗೋಡೆಯನ್ನು ಕಾಯುವ ಎಲಾಫಿನ್ ಎಂಬ ಮನುಷ್ಯರ ಪ್ರೋಟೀನನ್ನು ಇದೇ ಬ್ಯಾಕ್ಟೀರಿಯಾದಿಂದ ಮಾಡಿಸಿ ಇಲಿಗಳಲ್ಲಿ ಪರೀಕ್ಷಿಸಿತು. ಮೂರನೆಯ ದಾರಿ, ಗ್ಲುಟೆನ್ ತುಣುಕನ್ನು ಹೊಟ್ಟೆಯಲ್ಲೇ ಕತ್ತರಿಸುವ ಕಿಣ್ವ. ಕೇಳಲು ಇದೇ ಸುಲಭ. ಆದರೆ ಒಂದು ಚಪಾತಿಯಲ್ಲಿರುವ ಗ್ಲುಟೆನ್ ಅನ್ನು ಅದು ಕರುಳು ಮುಟ್ಟುವ ಮೊದಲೇ, ಒಂದು ಚೂರೂ ಬಿಡದೆ ಕತ್ತರಿಸಬೇಕು. ನೂರಕ್ಕೆ ತೊಂಬತ್ತು ಅಂಕ ಇಲ್ಲಿ ಪಾಸಲ್ಲ.

ಇದ್ಯಾವುದೂ ಇನ್ನೂ ಮೆಡಿಕಲ್ ಶಾಪಿಗೆ ಬಂದ ಔಷಧವಲ್ಲ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಪ್ರೋಬಯಾಟಿಕ್ ಮಾತ್ರೆ ನುಂಗಿ ಚಪಾತಿ ತಿನ್ನಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಬೇರೆ, ಇದು ಬೇರೆ. ಜೀನ್ ಬದಲಿಸಿದ ಜೀವಿಯನ್ನು ಮನುಷ್ಯರಿಗೆ ಕೊಡಬೇಕಾದರೆ ನಮ್ಮ ದೇಶದಲ್ಲಿ 1989ರ ನಿಯಮಗಳಂತೆ ಸಂಸ್ಥೆಯೊಳಗಿನ ಜೈವಿಕ ಸುರಕ್ಷತಾ ಸಮಿತಿಯಿಂದ ಶುರುವಾಗಿ ಮೆಟ್ಟಿಲು ಮೆಟ್ಟಿಲಾಗಿ ಒಪ್ಪಿಗೆ ಪಡೆಯಬೇಕು. ಮೆಚ್ನಿಕಾಫ್ ಭಾಷಣ ಮುಗಿಸಿ ಮನೆಗೆ ಹೋಗುವಷ್ಟರಲ್ಲಿ ಪ್ಯಾರಿಸ್ ಮೊಸರು ಕೊಳ್ಳಲು ಓಡಿದ್ದನ್ನು ನೆನೆದರೆ, ಈ ನಿಧಾನ ನನಗೆ ಬೇಸರ ತರುವುದಿಲ್ಲ. ಒಡೆಸ್ಸಾದ ಕುರಿಗಳನ್ನು ನೆನೆದರಂತೂ ಇನ್ನೂ ಇಲ್ಲ.

ಇದನ್ನೆಲ್ಲ ರೂಮ್‌ಮೇಟ್‌ಗೆ ಒಂದು ಭಾನುವಾರ ಹೇಳಿದೆ. ಇಲಿಗಳ ತನಕ ಬಂದಿದೆ ಎಂದಾಗ ಅವಳು ನಕ್ಕಳು. ಗುಲಾಬಿ ಮುಳ್ಳಿನ ಕಥೆಯನ್ನು ಮಾತ್ರ ಇನ್ನೊಮ್ಮೆ ಹೇಳಿಸಿಕೊಂಡಳು. ಪಿ.ಜಿ. ಆಂಟಿಯನ್ನು ಒಪ್ಪಿಸಿ ಅವಳಿಗೆಂದೇ ಒಂದು ತವಾ, ಒಂದು ಸೌಟು ಬೇರೆ ಇಟ್ಟಿದ್ದೇವೆ. ರಾಗಿರೊಟ್ಟಿ ತಟ್ಟುವುದು ಇನ್ನೂ ಅವಳ ಕೈಗೆ ಹತ್ತಿಲ್ಲ, ಅಂಚು ಹರಿಯುತ್ತದೆ. ಬರುವ ತಿಂಗಳು ಅವಳ ರಕ್ತಪರೀಕ್ಷೆ ಇದೆ. ಪ್ರತಿಕಾಯದ ಮಟ್ಟ ಹೋದ ಸಲಕ್ಕಿಂತ ಇಳಿದಿದೆಯೇ ನೋಡಬೇಕು. ಅದೇ ವಾರ ಬೊಮ್ಮಸಂದ್ರದಲ್ಲಿ ನನ್ನದೊಂದು ಇಂಟರ್‌ವ್ಯೂ ಇದೆ.